ಬೇಲಿಯೇ ಎದ್ದು ಹೊಲ ಮೇಯ್ದಾಗ

ಎಚ್‌ಐವಿ ವೈರಾಣು ದೇಹದ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಸ್ವಯಂನಿರೋಧಕ ಕಾಯಿಲೆಗಳಲ್ಲಿ ಆಗುವುದೇ ಬೇರೆ. ಅಲ್ಲಿ ರೋಗನಿರೋಧಕ ವ್ಯವಸ್ಥೆ ಅಗತ್ಯಕ್ಕಿಂತ ಹೆಚ್ಚು ಕೆರಳಿ ತನ್ನ ದೇಹದ ಮೇಲೆಯೇ ದಾಳಿ ಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯುತ್ತದೆ. ಬೇಲಿಯೇ ಮುರಿದುಬಿದ್ದವರಲ್ಲಿ ಹೀಗಾಗಲು ಸಾಧ್ಯವೇ? ಖಂಡಿತ ಸಾಧ್ಯ.

ಬಿಳಿ ರಕ್ತಕಣಗಳಲ್ಲಿ ಸಿಡಿ4 ಎಂಬುದೊಂದು ಬಗೆ. ಇವು ರಕ್ಷಣಾ ಪಡೆಯ ದಳಪತಿಗಳಿದ್ದಂತೆ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 500ರಿಂದ 1500ರವರೆಗೆ ಇರುತ್ತವೆ. ಪಡೆಯನ್ನು ಹುರಿದುಂಬಿಸುವವೂ, ಮಿತಿಮೀರದಂತೆ ತಡೆಯುವವೂ ಇವುಗಳಲ್ಲೇ ಸೇರಿವೆ. ಎಚ್‌ಐವಿ ಇವನ್ನು ನಾಶಮಾಡಿದಾಗ ಶಿಸ್ತು ತಪ್ಪುತ್ತದೆ. ಕೆಲವರಲ್ಲಿ ಪ್ರತಿಕಾಯಗಳು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಿಗೇ ಅಂಟಿಕೊಳ್ಳುತ್ತವೆ. ಅಂಥ ಪ್ಲೇಟ್‌ಲೆಟ್‌ಗಳು ಗುಲ್ಮದಲ್ಲಿ ನಾಶವಾಗುತ್ತವೆ. ಆಗ ಒಸಡಿನಲ್ಲಿ ರಕ್ತ ಒಸರಬಹುದು, ಚರ್ಮದ ಮೇಲೆ ಕೆಂಪು ಚುಕ್ಕೆಗಳು ಮೂಡಬಹುದು. ಎಚ್‌ಐವಿ ಚಿಕಿತ್ಸೆ ಆರಂಭವಾದ ಮೇಲೆ ಅನೇಕರಲ್ಲಿ ಇವುಗಳ ಸಂಖ್ಯೆ ಮತ್ತೆ ಏರುತ್ತದೆ.

ಇನ್ನೊಂದು ಬಗೆಯ ತೊಂದರೆ ಚಿಕಿತ್ಸೆ ಫಲಿಸಿದ ಮೇಲೆ ಕಾಣಿಸಿಕೊಳ್ಳುತ್ತದೆ. 1996ರಲ್ಲಿ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಎಆರ್‌ಟಿ ವಿಧಾನ ಬಳಕೆಗೆ ಬಂದಿತು. ವೈರಾಣು ಅಡಗಿ ಸಿಡಿ4 ಕಣಗಳು ಹೆಚ್ಚತೊಡಗಿದವು. ಆದರೆ ಕೆಲವೇ ಕೆಲವರಲ್ಲಿ, ಒಂದೆರಡು ವರ್ಷಗಳ ನಂತರ, ಗ್ರೇವ್ಸ್ ಕಾಯಿಲೆ ತಲೆದೋರಿತು. ಇದರಲ್ಲಿ ಪ್ರತಿಕಾಯಗಳು ಕುತ್ತಿಗೆಯ ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸಿ ಅತಿಯಾಗಿ ದುಡಿಸುತ್ತವೆ. ಎದೆಬಡಿತ, ಕೈನಡುಕ, ವಿಪರೀತ ಬೆವರು, ತೂಕ ಇಳಿಯುವುದು ಇದರ ಲಕ್ಷಣಗಳು.

ಅಪಾಯವಿರುವುದು ಇಲ್ಲೇ. ಮೈ ಇಳಿಯುತ್ತಿರುವುದನ್ನು ಕಂಡ ರೋಗಿ, ಎಚ್‌ಐವಿ ಉಲ್ಬಣಿಸಿತೆಂದೋ ಮಾತ್ರೆ ತನಗೆ ಒಗ್ಗಲಿಲ್ಲವೆಂದೋ ಹೆದರಿ ಔಷಧಿ ನಿಲ್ಲಿಸಿಬಿಡಬಹುದು. ನಿಲ್ಲಿಸಿದರೆ ವೈರಾಣು ಮತ್ತೆ ಹೆಚ್ಚುತ್ತದೆ. ಔಷಧಿಗೆ ಜಗ್ಗದಂತೆಯೂ ಮಾರ್ಪಡಬಹುದು. ನಿಜವಾಗಿ ಇಲ್ಲಿ ಆಗಿರುವುದು ರಕ್ಷಣಾ ಶಕ್ತಿ ಚೇತರಿಸಿಕೊಳ್ಳುವಾಗ ಉಂಟಾದ ಎಡವಟ್ಟು. ಥೈರಾಯ್ಡ್ ಹಾರ್ಮೋನುಗಳ ರಕ್ತಪರೀಕ್ಷೆಯಿಂದ ಇದನ್ನು ಪತ್ತೆಹಚ್ಚಬಹುದು. ಕಾರ್ಬಿಮಜೋಲ್‌ನಂತಹ ಮಾತ್ರೆಗಳಿಂದ ಹತೋಟಿಗೆ ತರಬಹುದು. ಸಾಮಾನ್ಯವಾಗಿ ಎಆರ್‌ಟಿಯನ್ನು ಮುಂದುವರಿಸಿಯೇ ಈ ಚಿಕಿತ್ಸೆ ನೀಡುತ್ತಾರೆ.

ಹಲವು ಸ್ವಯಂನಿರೋಧಕ ಕಾಯಿಲೆಗಳಿಗೆ ಸ್ಟೀರಾಯ್ಡ್ ಕೊಡುವುದುಂಟು. ಅದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಕೆಲವು ಎಚ್‌ಐವಿ ಔಷಧಿಗಳೊಡನೆ ಹೊಂದುವುದೂ ಇಲ್ಲ. ಆದ್ದರಿಂದ ಸಂಕೋಚದಿಂದ ಸೋಂಕನ್ನು ವೈದ್ಯರಿಂದ ಮುಚ್ಚಿಡಬಾರದು. ನಮ್ಮ ದೇಶದಲ್ಲಿ 2004ರಿಂದ ಸರ್ಕಾರವೇ ಎಆರ್‌ಟಿ ಔಷಧಿಯನ್ನು ಉಚಿತವಾಗಿ ನೀಡುತ್ತಿದೆ. ಹೊಸ ತೊಂದರೆ ಏನೇ ಕಾಣಿಸಿದರೂ ಮೊದಲು ಆ ಕೇಂದ್ರದ ವೈದ್ಯರಿಗೆ ತಿಳಿಸಬೇಕು. ಅವರು ಹೇಳುವವರೆಗೆ ಒಂದು ದಿನದ ಮಾತ್ರೆಯನ್ನೂ ತಪ್ಪಿಸಬಾರದು.