ನೆಲ ಸೋಕದ ಧ್ವಜ

ಹಿಂದಿನ ಕಾಲದ ಯುದ್ಧಗಳಲ್ಲಿ ದಳದ ಧ್ವಜವನ್ನು ಹಿಡಿದು ಮುಂದೆ ನಡೆಯುವ ಸೈನಿಕನಿಗಿದ್ದಷ್ಟು ಅಪಾಯ ಮತ್ತಾರಿಗೂ ಇರಲಿಲ್ಲ. ಹೊಗೆ ಕವಿದ ರಣರಂಗದಲ್ಲಿ ತನ್ನವರಿಗೆ ದಾರಿ ತೋರುವ ಗುರುತು ಅದೇ. ವೈರಿಯ ಗುಂಡಿಗೆ ಗುರಿಯೂ ಅದೇ. ಅಮೆರಿಕದ ಅಂತರ್ಯುದ್ಧದಲ್ಲಿ ಅಂಥ ಧ್ವಜವನ್ನು ಎತ್ತಿಹಿಡಿದು ಅಮರನಾದ ವಿಲಿಯಂ ಹಾರ್ವೆ ಕಾರ್ನಿಯು ಹುಟ್ಟಿದ್ದು ಗುಲಾಮನಾಗಿ!

1840ರಲ್ಲಿ ವರ್ಜೀನಿಯ ಸಂಸ್ಥಾನದ ನಾರ್ಫೋಕ್ ನಗರದಲ್ಲಿ ಆತನ ಜನನವಾಯಿತು. ಕರಿಯರಿಗೆ ಅಕ್ಷರ ಕಲಿಸುವುದು ಅಲ್ಲಿ ಅಪರಾಧವೆನಿಸಿದ್ದ ಕಾಲವದು. ಗುಟ್ಟಾಗಿ ನಡೆಯುತ್ತಿದ್ದ ಶಾಲೆಯೊಂದರಲ್ಲಿ ಬಾಲಕನು ಓದು ಬರಹ ಕಲಿತನು. ಮುಂದೆ ಕುಟುಂಬವು ದಾಸ್ಯದಿಂದ ಪಾರಾಗಿ, ಉತ್ತರದ ಮೆಸಚೂಸೆಟ್ಸ್ ಸಂಸ್ಥಾನದ ನ್ಯೂ ಬೆಡ್‌ಫರ್ಡ್ ಎಂಬ ರೇವುಪಟ್ಟಣದಲ್ಲಿ ನೆಲೆಸಿತು. ಧರ್ಮೋಪದೇಶಕನಾಗಬೇಕೆಂಬುದು ತರುಣನ ಹಂಬಲ. ಅಷ್ಟರಲ್ಲಿ ಗುಲಾಮಗಿರಿಯ ಪ್ರಶ್ನೆಯಿಂದ ದೇಶವೇ ಇಬ್ಭಾಗವಾಗಿ, 1861ರಲ್ಲಿ ಉತ್ತರ ದಕ್ಷಿಣಗಳ ನಡುವೆ ಕದನವಾರಂಭವಾಯಿತು.

1863ರ ಜನವರಿ 1ರಂದು ಅಧ್ಯಕ್ಷ ಲಿಂಕನ್ನನು ವಿಮೋಚನೆಯ ಘೋಷಣೆಯನ್ನು ಹೊರಡಿಸಿದನು. ಕರಿಯರಿಗೂ ಸೈನ್ಯದ ಬಾಗಿಲು ತೆರೆಯಿತು. ಮೆಸಚೂಸೆಟ್ಸಿನಲ್ಲಿ ಅವರಿಗಾಗಿ 54ನೆಯ ಪದಾತಿದಳವು ರೂಪುಗೊಂಡಾಗ ಕಾರ್ನಿಯು ಅದನ್ನು ಸೇರಿದನು. ಸೈನಿಕರು ಕರಿಯರು, ದಳಪತಿ ಬಿಳಿಯನಾದ ಕರ್ನಲ್ ರಾಬರ್ಟ್ ಗೂಲ್ಡ್ ಷಾ. ಗುಂಡಿನ ಸದ್ದಿಗೇ ಈ ಜನ ಓಡಿಹೋಗುವರೆಂದು ಮೂದಲಿಸಿದವರು ಉತ್ತರದಲ್ಲಿಯೇ ಕಡಮೆಯಿರಲಿಲ್ಲ.

ಅದಕ್ಕೆ ಉತ್ತರ ದೊರೆತುದು ಅದೇ ವರ್ಷದ ಜುಲೈ 18ರ ಸಂಜೆ. ದಕ್ಷಿಣ ಕೆರೊಲಿನದ ಚಾರ್ಲ್‌ಸ್ಟನ್ ಬಂದರಿನ ಬಾಯಲ್ಲಿರುವ ಮಾರಿಸ್ ದ್ವೀಪದಲ್ಲಿ ವಾಗ್ನರ್ ಎಂಬ ಮರಳಿನ ಕೋಟೆಯಿದ್ದಿತು. ಒಂದು ಕಡೆ ಸಮುದ್ರ, ಮತ್ತೊಂದು ಕಡೆ ಜೌಗು. ನಡುವಿನ ಇಕ್ಕಟ್ಟಾದ ದಂಡೆಯ ಮೇಲೆ ಸುಮಾರು 600 ಮಂದಿ ಮುನ್ನುಗ್ಗಿದರು. ಧ್ವಜ ಹಿಡಿದವನು ಉರುಳಿದನು. ಒಡನೆಯೇ ಕಾರ್ನಿಯು ಧ್ವಜವನ್ನು ಎತ್ತಿಕೊಂಡು ಕೋಟೆಯ ಗೋಡೆಯವರೆಗೆ ನಡೆದನು. ಇಪ್ಪತ್ತೈದು ವರ್ಷದ ಷಾ ಅಲ್ಲಿಯೇ ಮಡಿದನು. ಹಿಮ್ಮೆಟ್ಟಬೇಕಾಗಿ ಬಂದಾಗ, ಮೈಯೆಲ್ಲ ಗಾಯವಾಗಿದ್ದರೂ ಕಾರ್ನಿಯು ಧ್ವಜವನ್ನು ಕೈಬಿಡದೆ ಮರಳಿದನು. ಶಿಬಿರದಲ್ಲಿ ಕುಸಿದು ಬೀಳುವಾಗ, ಧ್ವಜವು ನೆಲವನ್ನು ಸೋಕಲಿಲ್ಲವೆಂದು ಸಂಗಡಿಗರಿಗೆ ತಿಳಿಸಿದನಂತೆ.

ಕೋಟೆ ಕೈವಶವಾಗಲಿಲ್ಲ. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ ದಳದ ನಷ್ಟ 250ಕ್ಕೂ ಮಿಕ್ಕಿತು. ಆದರೆ ಮೂದಲಿಕೆಯ ಬಾಯಿ ಕಟ್ಟಿತು. ಯುದ್ಧ ಮುಗಿಯುವ ವೇಳೆಗೆ ಉತ್ತರದ ಪರವಾಗಿ ಸುಮಾರು 1,80,000 ಕರಿಯ ಸೈನಿಕರು ಸೇವೆ ಸಲ್ಲಿಸಿದ್ದರು.

ರಕ್ತಕ್ಕೆ ಬಣ್ಣದ ಭೇದವಿಲ್ಲದಿದ್ದರೂ ಸಂಬಳಕ್ಕಿದ್ದಿತು! ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರು. ಕರಿಯನಿಗೆ 10, ಅದರಲ್ಲಿಯೂ ಬಟ್ಟೆಗೆಂದು 3 ಡಾಲರಿನ ಕಡಿತ. 54ನೆಯ ದಳದವರು ಈ ಅಲ್ಪವೇತನವನ್ನು ಮುಟ್ಟದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬರಿಗೈಯಲ್ಲಿ ದುಡಿದರು. ಮನೆಗಳಲ್ಲಿ ಹೆಂಡಿರು ಮಕ್ಕಳು ಕಷ್ಟಪಟ್ಟರೂ ಅವರ ಹಟ ಸಡಿಲಲಿಲ್ಲ. 1864ರ ಜೂನ್ ತಿಂಗಳಲ್ಲಿ ಕಾಂಗ್ರೆಸ್ ಸಭೆಯು ಸಮಾನ ವೇತನಕ್ಕೆ ಒಪ್ಪಿತು. ಅದೇ ತಿಂಗಳು, ಗಾಯಗಳ ಕಾರಣದಿಂದ ಕಾರ್ನಿಗೆ ಸೈನ್ಯದಿಂದ ಬಿಡುಗಡೆಯಾಯಿತು.

ಅನಂತರ ಮೂವತ್ತಕ್ಕೂ ಹೆಚ್ಚು ವರ್ಷ ಆತನು ನ್ಯೂ ಬೆಡ್‌ಫರ್ಡಿನಲ್ಲಿ ಅಂಚೆಪೇದೆಯಾಗಿ ಮನೆಮನೆಗೆ ಕಾಗದ ಹಂಚಿದನು. ಅಮೆರಿಕದ ಅತ್ಯುನ್ನತ ಶೌರ್ಯಪದಕವಾದ ಮೆಡಲ್ ಆಫ್ ಆನರ್ ಆತನಿಗೆ ಸಂದುದು 1900ರ ಮೇ 23ರಂದು, ಆ ಸಂಜೆ ಕಳೆದು ಹೆಚ್ಚುಕಡಮೆ 37 ವರ್ಷಗಳಾದ ಮೇಲೆ. ಬೇರೆ ಕರಿಯ ಯೋಧರು ಆ ಮೊದಲೇ ಪದಕ ಪಡೆದಿದ್ದರು. ಆದರೆ ಪದಕಕ್ಕೆ ಪಾತ್ರವಾದ ಅವರ ಸಾಹಸಗಳಲ್ಲೆಲ್ಲ ಕಾರ್ನಿಯದೇ ಕಾಲದಲ್ಲಿ ಮೊದಲನೆಯದು. ಪದಕ ಬರುವ ವೇಳೆಗೆ, ಆತನು ರಕ್ತ ಸುರಿಸಿದ ದಕ್ಷಿಣ ಕೆರೊಲಿನವೇ 1895ರ ತನ್ನ ಹೊಸ ಸಂವಿಧಾನದ ಮೂಲಕ ಕರಿಯರ ಮತದಾನದ ಹಕ್ಕನ್ನು ಬಹುಮಟ್ಟಿಗೆ ಕಿತ್ತುಕೊಂಡಿದ್ದಿತು. ಒಂದು ಕೈಯಿಂದ ಮನ್ನಣೆ, ಇನ್ನೊಂದು ಕೈಯಿಂದ ಅಪಹರಣ!

1908ರ ಡಿಸೆಂಬರಿನಲ್ಲಿ, ಬಾಸ್ಟನ್ನಿನ ಸರ್ಕಾರಿ ಭವನದಲ್ಲಿ ಸಂದೇಶವಾಹಕನಾಗಿದ್ದಾಗ, ಲಿಫ್ಟಿನ ಅಪಘಾತದಿಂದ ಕಾರ್ನಿಯು ತೀರಿಕೊಂಡನು. ವಾಗ್ನರ್ ಕೋಟೆಯಿದ್ದ ನೆಲವನ್ನು ಅಲೆಗಳು ಬಹುಮಟ್ಟಿಗೆ ನುಂಗಿಬಿಟ್ಟಿವೆ. ಗೆಲ್ಲಲಾಗದ ಕೋಟೆಯೇ ಅಳಿದು, ಅದರೆದುರು ಬಾಗದೆ ನಿಂತವನ ಹೆಸರು ಉಳಿದಿದೆ.