ಹಿಡಿಯಲ್ಲ, ಅಲಗು

ಆನೆಗೊಂದಿಯ ಆಸುಪಾಸಿನಲ್ಲಿ, ತುಂಗಭದ್ರೆಯ ಉತ್ತರ ದಂಡೆಗೆ ಕಡೇಬಕೆಲೆ ಎಂಬ ಪುರಾತನ ನೆಲೆಯಿದೆ. ಈ ಶತಮಾನದ ಮೊದಲ ದಶಕದಲ್ಲಿ ರಾಜ್ಯ ಪುರಾತತ್ವ ಇಲಾಖೆಯೊಂದಿಗೆ ಪುರಾತತ್ವಜ್ಞೆಯರಾದ ಕಾರ್ಲಾ ಸಿನೋಪೊಲಿ ಮತ್ತು ಕ್ಯಾಥಲೀನ್ ಮಾರಿಸನ್ ಅಲ್ಲಿ ಉತ್ಖನನ ನಡೆಸಿದರು. ಸಿಕ್ಕ ಲೋಹದ ವಸ್ತುಗಳಲ್ಲಿ ಒಂದು ಉಂಗುರವಿತ್ತು. ಬೆಂಗಳೂರಿನ ವಿಜ್ಞಾನಿಗಳಾದ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಇದ್ದ ತಂಡ ಅದನ್ನು ಪರೀಕ್ಷಿಸಿದಾಗ ಅದು ಬರೀ ಕಬ್ಬಿಣವಲ್ಲ, ಇಂಗಾಲ ಹೆಚ್ಚಿರುವ ಉಕ್ಕು ಎಂದು ತಿಳಿಯಿತು. ಅದರ ಕಾಲ ಕ್ರಿ.ಪೂ. 800ರಿಂದ 440ರ ನಡುವೆ.

ಆ ಹೊತ್ತಿಗೆ ಜಪಾನಿನಲ್ಲಿ ಯಾರೂ ಅದಿರು ಕರಗಿಸುತ್ತಿರಲಿಲ್ಲ. ಇವತ್ತು ಹಳೆಯ ಬಾಕುವೊಂದನ್ನು ಕೈಯಲ್ಲಿ ಹಿಡಿದು ಹೇಗೆ ನೋಡಬೇಕೆಂದು ಜಗತ್ತಿಗೆ ಹೇಳಿಕೊಡುತ್ತಿರುವುದು ಜಪಾನೇ. ಉಕ್ಕಿನಲ್ಲಿ ಅಷ್ಟು ಮುಂದಿದ್ದ ನಾವು ನಮ್ಮ ಕಠಾರಿಯ ಹಿಡಿಯನ್ನು ಹೊಗಳುತ್ತೇವೆ, ಒರೆಯ ಬೆಳ್ಳಿ ಕೆಲಸಕ್ಕೆ ಬೆರಗಾಗುತ್ತೇವೆ, ಅಲಗಿನ ಮೇಲೆ ಕಣ್ಣು ನಿಲ್ಲಿಸುವುದೇ ಇಲ್ಲ. ಹೀಗೇಕಾಯಿತು ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡಿದೆ.

ಜಪಾನಿನವರ ತಾಂತೊ ಒಂದು ಶಾಕುವಿಗಿಂತ, ಅಂದರೆ ಸುಮಾರು 30 ಸೆಂ.ಮೀ.ಗಿಂತ ಗಿಡ್ಡ ಅಲಗು. 13ನೇ ಶತಮಾನದ ಅವತಗುಚಿ ಯೊಶಿಮಿತ್ಸು ಮಾಡಿದ ಕೆಲವು ತಾಂತೊಗಳು ಇಂದು ಅಲ್ಲಿನ ರಾಷ್ಟ್ರೀಯ ನಿಧಿ. ಅವರ ಉಕ್ಕು ಬರುವುದು ಕಬ್ಬಿಣದ ಕಪ್ಪು ಮರಳಿನಿಂದ. ಮಣ್ಣಿನ ತತಾರಾ ಕುಲುಮೆಯಲ್ಲಿ ಇದ್ದಿಲು, ಮರಳು ಸುರಿಯುತ್ತ ಮೂರು ಹಗಲು ಮೂರು ರಾತ್ರಿ ಉರಿಸುತ್ತಾರೆ. ಸುಮಾರು ಹತ್ತು ಟನ್ ಮರಳಿಗೆ ಎರಡೂವರೆ ಟನ್ ಗಟ್ಟಿ ಸಿಕ್ಕರೆ, ಅದರಲ್ಲಿ ಅಲಗಿಗೆ ಒದಗುವ ತಮಹಗಾನೆ ಒಂದು ಟನ್ನೂ ಇರುವುದಿಲ್ಲ. ಅದನ್ನು ಕಾಯಿಸಿ ಬಡಿದು ಮಡಚಿ, ಮತ್ತೆ ಬಡಿದು ಮಡಚಿ ಸಾವಿರಾರು ಪದರ ಮಾಡುತ್ತಾರೆ. ಕೊನೆಗೆ ಬೆನ್ನಿಗೆ ದಪ್ಪ, ಬಾಯಿಗೆ ತೆಳು ಮಣ್ಣು ಮೆತ್ತಿ, ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ತೆಳು ಮಣ್ಣಿನ ಕಡೆ ಬೇಗ ತಣಿದು ಗಡುಸಾಗುತ್ತದೆ, ಬೆನ್ನು ಮೆದುವಾಗಿ ಉಳಿಯುತ್ತದೆ. ಎರಡರ ಗಡಿಯಲ್ಲಿ ಮಂಜಿನಂಥ ಬಿಳಿ ಗೆರೆಯೊಂದು ಏಳುತ್ತದೆ. ಅದಕ್ಕೆ ಹಮೋನ್ ಎನ್ನುತ್ತಾರೆ.

ಬಲ್ಲವರು ಮೊದಲು ಹಿಡಿಯನ್ನು ಬಿಚ್ಚಿ ಪಕ್ಕಕ್ಕಿಡುತ್ತಾರೆ. ದೀಪದ ಕೆಳಗೆ ಅಲಗನ್ನು ಓರೆಯಾಗಿಸುತ್ತ ಪದರದ ಎಳೆ, ಗೆರೆಯ ಏರಿಳಿತ ನೋಡಿ ಇದು ಯಾವ ಊರಿನ, ಯಾವ ಮನೆತನದ ಕೆಲಸವೆಂದು ಹೇಳುತ್ತಾರೆ. ಹಿಡಿಯೊಳಗೆ ಅಡಗುವ ಬಾಲದ ತುಕ್ಕನ್ನು ಯಾರೂ ತೆಗೆಯುವುದಿಲ್ಲ. ಕಮ್ಮಾರನ ಹೆಸರು ಇರುವುದು ಅಲ್ಲೇ, ಅಲಗಿನ ವಯಸ್ಸನ್ನು ಹೇಳುವುದೂ ಆ ತುಕ್ಕೇ.

ಇನ್ನು ನಮ್ಮ ಕಡೆ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಮೋರೇರ ಬೆಟ್ಟದಲ್ಲಿ ನೂರಾರು ಕಲ್ಲುಗೋರಿಗಳಿವೆ. 2021ರಲ್ಲಿ ಯುನೆಸ್ಕೊ ತಾತ್ಕಾಲಿಕ ಪಟ್ಟಿಗೆ ಸೇರಿದ ಈ ಜಾಗ ಕಬ್ಬಿಣ ಯುಗದವರದು. ಕೊಪ್ಪಳದ ಗವಿಮಠದ ಬಂಡೆಯಲ್ಲಿ ಅಶೋಕನ ಶಾಸನವಿದೆ. ಕ್ರಿ.ಪೂ. 3ನೇ ಶತಮಾನದ ಆ ಅಕ್ಷರಗಳ ಮುಂದೆ ನಿಂತಾಗಲೆಲ್ಲ ನನಗೆ ಚಕ್ರವರ್ತಿಗಿಂತ ಮೊದಲು ನೆನಪಾಗುವುದು ಅಂಥ ಕಲ್ಲಿಗೆ ಬಾಗದ ಉಳಿ ಕೊಟ್ಟವನು.

ನಮ್ಮ ಉಕ್ಕಿನ ದಾರಿ ಜಪಾನಿನದಕ್ಕಿಂತ ಬೇರೆ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಣ್ಣಾರೆ ಕಂಡು ಬರೆದಿದ್ದಾನೆ. ಕಬ್ಬಿಣದ ತುಂಡಿನ ಜೊತೆ ತಂಗಡಿ ಕಡ್ಡಿಯ ಚೂರು, ಒಂದಿಷ್ಟು ಹಸಿ ಎಲೆ ಸೇರಿಸಿ ಮಣ್ಣಿನ ಮೂಸೆಗೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ತಿದಿಯೊತ್ತಿ ಉರಿಸುತ್ತಿದ್ದರು. ಕಡ್ಡಿಯ ಇಂಗಾಲ ಒಳಗಿಳಿದು ಕಬ್ಬಿಣ ಪೂರಾ ಕರಗುತ್ತಿತ್ತು. ಮೂಸೆ ಆರಿದ ಮೇಲೆ ಒಡೆದರೆ ಒಳಗೆ ಉಕ್ಕಿನ ಗಟ್ಟಿ. ಇದೇ ಬಗೆಯ ಉಕ್ಕನ್ನು ಕೊಳ್ಳಲು ತೆಲಂಗಾಣದ ಕೋನಸಮುದ್ರಂಗೆ ಪರ್ಷಿಯಾದ ವರ್ತಕರು ಬರುತ್ತಿದ್ದರು. ಮಂದ ಉರಿಯಲ್ಲಿ ಹುಷಾರಾಗಿ ಬಡಿದರೆ ಮಾತ್ರ ಅಲಗಿನ ಮೈಮೇಲೆ ನೀರಿನ ಅಲೆಯಂಥ ಚಿತ್ತಾರ ನಿಲ್ಲುತ್ತದೆ. ಕಾವು ಏರಿದರೆ ಚಿತ್ತಾರ ಕರಗಿಹೋಗುತ್ತದೆ, ಉಕ್ಕು ಒಡೆಯಲೂಬಹುದು. ಮಡಚಿ ಹುಟ್ಟಿಸಿದ ಎಳೆ ಅವರದು. ಮೂಸೆಯೊಳಗೆ ತಾನಾಗಿ ಹೆಪ್ಪುಗಟ್ಟಿದ ಎಳೆ ನಮ್ಮದು.

ವಿಜಯನಗರದ ಕಾಲಕ್ಕೆ ಕಠಾರಿ ರಾಜಲಾಂಛನದವರೆಗೂ ಏರಿತು. ಸಾಳುವ ಅರಸರಿಗೆ ‘ಕಠಾರಿ ಸಾಳುವ’ ಎಂಬ ಬಿರುದು. ವಿಜಯನಗರದ ರಾಜಮುದ್ರೆಯಲ್ಲಿ ವರಾಹ, ಸೂರ್ಯ, ಚಂದ್ರರ ಜೊತೆ ನೆಟ್ಟಗೆ ನಿಂತ ಕಠಾರಿ. ದಕ್ಷಿಣದ ಕಠಾರಿಗೆ ಎರಡು ಉದ್ದ ಕಂಬಿಗಳ ನಡುವೆ ಅಡ್ಡಪಟ್ಟಿ. ಮುಷ್ಟಿ ಬಿಗಿದು ಅದನ್ನು ಹಿಡಿದರೆ ಅಲಗು ತೋಳಿನ ನೇರಕ್ಕೇ ಚಾಚಿಕೊಳ್ಳುತ್ತದೆ, ಕೈಬೆನ್ನಿಗೆ ಎಲೆಯಾಕಾರದ ಉಕ್ಕಿನ ಮುಸುಕು. ಇಂಥ ಹಲವು ಕಠಾರಿಗಳು ತಂಜಾವೂರಿನ ಆಯುಧಾಗಾರದಿಂದ ಹೊರಬಿದ್ದು ದೂರದೂರದ ಸಂಗ್ರಹಾಲಯ ಸೇರಿವೆ. ಅವುಗಳಲ್ಲಿ ಎಷ್ಟೋ ಕಠಾರಿಗಳ ಹಿಡಿ ನಮ್ಮದು, ಅಲಗು ಮಾತ್ರ ಯುರೋಪಿನದು. ಹಡಗಿನಲ್ಲಿ ಬಂದ ಪರದೇಶದ ಅಲಗಿಗೆ ಇಲ್ಲಿ ಹಿಡಿ ಕೂರಿಸಿ ಬೆಸೆಯುತ್ತಿದ್ದರು. ನಮ್ಮ ಉಕ್ಕು ಪರ್ಷಿಯಾಕ್ಕೆ ಹೋಗುತ್ತಿದ್ದ ದಿನಗಳಲ್ಲೇ ನಮ್ಮ ದೊರೆಗಳಿಗೆ ಪರಂಗಿ ಅಲಗು ಬೇಕಾಯಿತು. ನಮ್ಮ ಕಣ್ಣು ಅಲಗಿನಿಂದ ಹಿಡಿಗೆ ಸರಿದದ್ದು ಆಗಲೇ ಎಂದು ನನಗನ್ನಿಸುತ್ತದೆ.

ಮುಂದಿನದು ಎರಡೂ ದೇಶಕ್ಕೆ ಒಂದೇ ಪೆಟ್ಟು. 1876ರಲ್ಲಿ ಜಪಾನ್ ಸರ್ಕಾರ ಕತ್ತಿ ಕಟ್ಟಿಕೊಂಡು ತಿರುಗುವುದನ್ನು ನಿಷೇಧಿಸಿತು. 1878ರಲ್ಲಿ ಬ್ರಿಟಿಷ್ ಭಾರತಕ್ಕೆ ಶಸ್ತ್ರಾಸ್ತ್ರ ಕಾಯ್ದೆ ಬಂತು. ಕೊಪ್ಪಳ ನಿಜಾಮರ ಸೀಮೆಯಾಗಿದ್ದರೂ, 1858ರಲ್ಲಿ ಮುಂಡರಗಿ ಭೀಮರಾಯ ಇಲ್ಲಿನ ಕೋಟೆಯಲ್ಲಿ ಬ್ರಿಟಿಷರೊಡನೆ ಕಾದು ಮಡಿದ ಮೇಲೆ ಆಯುಧದ ಕಾಲ ಮುಗಿದಿತ್ತು. ಅಗ್ಗದ ವಿಲಾಯತಿ ಉಕ್ಕು ಮೂಸೆಯ ಕುಲುಮೆಗಳನ್ನು ಆರಿಸಿತು. ಕಾಯ್ದೆಯಿಂದ ವಿನಾಯಿತಿ ಪಡೆದ ಕೊಡವರು ಮಾತ್ರ ಸೊಂಟದ ಚೇಲೆಯಲ್ಲಿ ಪೀಚೆಕತ್ತಿಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಜಪಾನಿನವರು ಸುಮ್ಮನೆ ಕೂರಲಿಲ್ಲ. 1948ರಲ್ಲಿ ಕತ್ತಿಕಲೆಯನ್ನು ಉಳಿಸುವ ಸಂಘ ಕಟ್ಟಿ, 1977ರಲ್ಲಿ ಶಿಮಾನೆ ಪ್ರಾಂತ್ಯದ ಒಕುಇಜುಮೊದಲ್ಲಿ ತತಾರಾವನ್ನು ಮತ್ತೆ ಹೊತ್ತಿಸಿದರು.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಕಿಗೇನೂ ಬರವಿಲ್ಲ. ಗಿಣಿಗೇರಿ, ಬೇವಿನಹಳ್ಳಿ ಕಡೆ ದೊಡ್ಡ ಕಾರ್ಖಾನೆಗಳು ಕಬ್ಬಿಣ ಕರಗಿಸುತ್ತಿವೆ. ಕುಷ್ಟಗಿ, ಯಲಬುರ್ಗಾದ ಹಳ್ಳಿಗಳ ಕಂಬಾರರು ಮುಂಗಾರಿಗೆ ಮುಂಚೆ ಲಾರಿಯ ಹಳೆ ಪಾಟಾ ಕಾಯಿಸಿ ಕುಡುಗೋಲು, ಕುರ್ಪಿ ಮಾಡುತ್ತಾರೆ. ಅದ್ದಿ ತೆಗೆದ ಬಾಯಿಯನ್ನು ಉಜ್ಜಿ ಬೆಳಗಾಗಿಸಿ, ಮತ್ತೆ ಕಾವಿಗೆ ಹಿಡಿದು, ಹಳದಿ ಬಣ್ಣ ಕಂದಾಗಿ ನೀಲಿಗೆ ತಿರುಗುವ ಮುನ್ನ ತಡೆಯುವ ಕಣ್ಣು ಅವರಲ್ಲಿ ಇನ್ನೂ ಇದೆ. ಮೂಸೆಯ ಉಕ್ಕನ್ನು ಮತ್ತೆ ಮಾಡಿನೋಡಬೇಕೆನ್ನುವ ವಿಜ್ಞಾನಿಗಳು ಮೊದಲು ಕೂರಬೇಕಾದದ್ದು ಇವರ ಅಡಿಗಲ್ಲಿನ ಪಕ್ಕದಲ್ಲಿ.

ಹಳೆಯ ಮನೆತನಗಳಲ್ಲಿ ಮಾಡಿನ ಮೇಲೋ ದೇವರ ಕೋಣೆಯಲ್ಲೋ ಒಂದು ಕಠಾರಿ, ಒಂದು ಬಾಕು ಉಳಿದಿರುವುದುಂಟು. ಮಹಾನವಮಿಯ ಖಂಡೆಪೂಜೆಗೆ ಅದನ್ನು ಹುಣಸೆಹಣ್ಣು, ಮರಳು ಹಚ್ಚಿ ತಿಕ್ಕಿ ಫಳಫಳ ಮಾಡುತ್ತೇವೆ. ಮೂಸೆಯ ಉಕ್ಕಿನ ಚಿತ್ತಾರ ಕಣ್ಣಿಗೆ ಕಾಣುವುದು ಆ ಮೇಲ್ಮೈಯಲ್ಲೇ, ತಿಕ್ಕಿದಷ್ಟೂ ಮಸುಕಾಗುತ್ತದೆ. ಈ ಸಲ ಒಣ ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಎಣ್ಣೆ ಸವರಿ. ಜಪಾನಿನವರು ಲವಂಗದ ಎಣ್ಣೆ ಹಚ್ಚುತ್ತಾರೆ, ನಮಗೆ ಹೊಲಿಗೆ ಯಂತ್ರದ ಎಣ್ಣೆ ಸಾಕು. ಕುಂಕುಮವನ್ನು ಹಿಡಿಗೆ ಇಡಿ, ಅಲಗಿಗೆ ಬೇಡ.