ದೂರದ ಓಟ, ನಂತರದ ನೆಗಡಿ

ಪ್ರಶ್ನೆ: ಲೆಸ್ಟರ್‌ನಲ್ಲಿದ್ದೇನೆ, ಮ್ಯಾರಥಾನ್‌ಗೆ ತಯಾರಿ ನಡೆದಿದೆ. ಚಳಿಗಾಲದಲ್ಲಿ ದೂರ ಓಡಿದಾಗಲೆಲ್ಲ ನೆಗಡಿ. ಓಟದ ಮೇಲೆ ಏನು ತಿನ್ನಲಿ?

ಉತ್ತರ: ನಿಮ್ಮ ಪಕ್ಕದ ಲಫ್‌ಬರೋ ವಿಶ್ವವಿದ್ಯಾಲಯದಲ್ಲೇ ಮೈಕೆಲ್ ಗ್ಲೀಸನ್ ಮತ್ತು ಸಂಗಡಿಗರು ಇದನ್ನು ವರ್ಷಗಟ್ಟಲೆ ಅಭ್ಯಸಿಸಿದ್ದಾರೆ. ಒಂದೂವರೆ ಗಂಟೆ ಮೀರಿದ ಓಟದಲ್ಲಿ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜೆನ್ ಬರಿದಾಗುತ್ತ ಬಂದಂತೆ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರುತ್ತದೆ, ಕೆಲವು ರಕ್ಷಕ ಕೋಶಗಳ ಚುರುಕು ತುಸು ಹೊತ್ತು ತಗ್ಗುತ್ತದೆ. ಓಡುವಾಗಲೇ ಗಂಟೆಗೆ 30–60 ಗ್ರಾಂ ಕಾರ್ಬೋಹೈಡ್ರೇಟ್ ಸೇವಿಸಿದರೆ ಈ ಏರುಪೇರು ಕಡಿಮೆ. ಹಾಗಾಗಿ ನನ್ನ ಮಟ್ಟಿಗೆ, ನಂತರದ ತಟ್ಟೆಗಿಂತ ದಾರಿಯ ಬಾಟಲಿಯೇ ಮುಖ್ಯ.

ಮನೆಗೆ ಬಂದೊಡನೆ ಒಂದು ಬಟ್ಟಲು ಮೊಸರವಲಕ್ಕಿ, ಬಾಳೆಹಣ್ಣು, ಒಂದು ಲೋಟ ಹಾಲು ಸಾಕು. 60 ಕೆಜಿ ತೂಕದವರಿಗೆ ಬೇಕಾದ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್, 20 ಗ್ರಾಂ ಪ್ರೊಟೀನ್ ಅದರಲ್ಲೇ ಹೆಚ್ಚುಕಡಿಮೆ ಸಿಗುತ್ತದೆ. ದುಬಾರಿ ಪುಡಿ ಬೇಡ.

ವಿಟಮಿನ್ ಡಿ ಮಾತ್ರ ಮರೆಯಬೇಡಿ. ಚಳಿಗಾಲದಲ್ಲಿ ಅದು ಕಡಿಮೆಯಿದ್ದ ಕ್ರೀಡಾಪಟುಗಳಿಗೆ ಶೀತ ಹೆಚ್ಚು ಎಂದು ಲಫ್‌ಬರೋ ತಂಡವೇ 2013ರಲ್ಲಿ ತೋರಿಸಿತು. ಬ್ರಿಟನ್ನಿನ ಆರೋಗ್ಯ ಇಲಾಖೆಯ ಸಲಹೆ ದಿನಕ್ಕೆ 10 ಮೈಕ್ರೋಗ್ರಾಂ. ನಮ್ಮಂಥ ಕಂದು ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವುದು ಒಳಿತು.

ಆದರೆ ಇದೆಲ್ಲದರ ಹಿಂದಿರುವ, ಓಟವೇ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆಂಬ ವಾದವನ್ನು 2018ರಲ್ಲಿ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಶ್ನಿಸಿದ್ದಾರೆ: ರಕ್ಷಕ ಕೋಶಗಳು ಸಾಯುವುದಿಲ್ಲ, ರಕ್ತದಿಂದ ಅಂಗಾಂಶಗಳಿಗೆ ಕಾವಲಿಗೆ ಹೋಗುತ್ತವೆ. ಹಾಗಾಗಿ ನೆಗಡಿಗೆ ಓಟವಲ್ಲದೆ ಬೇರೆ ಕಾರಣವೂ ಇರಬಹುದು; ನಿಮ್ಮ ನಿದ್ದೆ ಹೇಗಿದೆ, ಅದನ್ನೂ ನೋಡಿಕೊಳ್ಳಿ.